ಪಾಪಣ್ಣನ ಕೆಮ್ಮು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀವು ಆಮೇಲೆ ಬೇರೆ ಯಾರ ಬಾಯಿಂದಲೋ ಕೇಳಿ "ಛೀ, ಇವನಾ!" ಅನ್ನುವುದಕ್ಕಿಂತ ನಾನೇ ಹೇಳಿದರೆ ಸ್ವಲ್ಪ ಮರ್ಯಾದೆ ಉಳಿದೀತು. ಒಬ್ಬ ಮನುಷ್ಯ ಬೆಟ್ಟದ ಕೊರಕಲಿನಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದಾಗ, ಅವನು ಕ್ಷೇಮವಾಗಿದ್ದಾನೆ ಎಂದು ಅವನ ಹೆಂಡತಿಗೆ ಅವನದೇ ದನಿಯಲ್ಲಿ ಸುದ್ದಿ ಮುಟ್ಟಿಸಿದ ಮಹಾನುಭಾವ ನಾನು. ದನಿ ಎಷ್ಟು ಚೆನ್ನಾಗಿ ಕೂಡಿ ಬಂದಿತ್ತೆಂದರೆ, ಹದಿನೆಂಟು ವರ್ಷ ಅವನ ಜೊತೆ ಸಂಸಾರ ಮಾಡಿದ ಹೆಂಗಸು ಒಂದು ಕ್ಷಣವೂ ಅನುಮಾನಪಡಲಿಲ್ಲ. ನನ್ನ ಕಲೆಗೆ ಇಷ್ಟು ದೊಡ್ಡ ಮೆಚ್ಚುಗೆ ಹಿಂದೆಯೂ ಸಿಕ್ಕಿರಲಿಲ್ಲ, ಮುಂದೆಯೂ ಸಿಗದಿರಲಿ.

ಇದೆಲ್ಲ ಮೊನ್ನೆ ಮತ್ತೆ ನೆನಪಾದದ್ದು ಒಂದು ಸೊಪ್ಪಿನ ಆಟೋದಿಂದ. ಬಂಗಾರಪೇಟೆಯಲ್ಲಿ ಬೆಳಗಾದರೆ ತರಕಾರಿ ಆಟೋಗಳು ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತವಲ್ಲ, ಅವುಗಳಲ್ಲಿ ಮೂರು ಆಟೋಗಳ ಗಂಟಲು ನನ್ನದು. ಒಂದರಲ್ಲಿ ನಾನು ವಾರ್ತೆ ಓದುವ ಗಂಭೀರ ಮನುಷ್ಯ. ಇನ್ನೊಂದರಲ್ಲಿ ಗಡಿಯಾಚೆಯಿಂದ ಬಂದ ತೆಲುಗು ಅತ್ತೆ, ಟೊಮೊಟೊ ಕೊಳ್ಳದವರನ್ನು ಬೈಯುತ್ತಾಳೆ. ಮೂರನೆಯದರಲ್ಲಿ ರೈಲ್ವೆ ಸ್ಟೇಷನ್ನಿನ ಹೆಂಗಸು: "ದಯವಿಟ್ಟು ಗಮನಿಸಿ, ಬದನೆಕಾಯಿ ಇನ್ನು ಕೆಲವೇ ನಿಮಿಷಗಳಲ್ಲಿ ನಿಮ್ಮ ಮನೆ ಬಾಗಿಲಿಗೆ ಬರಲಿದೆ." ಇದಕ್ಕೆಲ್ಲ ನನ್ನ ಸ್ಟುಡಿಯೋ ಎಂದರೆ ನಮ್ಮ ಮನೆಯ ಅಟ್ಟದ ಕೆಳಗೆ ತಲೆ ಮೇಲೆ ಕಂಬಳಿ ಹೊದ್ದುಕೊಂಡು ಫೋನು ಹಿಡಿದು ಕೂರುವುದು. ಹೊಸದಾಗಿ ಒಬ್ಬ ಸೊಪ್ಪಿನವನಿಗೆ ಮಾಡಿಕೊಡುವಾಗ ಕಂಬಳಿಯ ಧೂಳು ಗಂಟಲಿಗೆ ಹೋಗಿ ಕೆಮ್ಮು ಬಂತು. ಅಳಿಸಿ ಕೊಡುತ್ತೇನೆ ಎಂದರೆ ಅವನು ಬೇಡ ಅಂದ. "ಇರ್ಲಿ ಬಿಡಣ್ಣ, ಮನುಷ್ಯರು ಮಾತಾಡ್ದಂಗೆ ಐತೆ." ಹಾಗಾಗಿ ಈಗ ಅದು ಊರೆಲ್ಲ ಹೀಗೆ ಕೂಗಿಕೊಂಡು ಹೋಗುತ್ತದೆ: "ದಂಟು, ಮೆಂತ್ಯ, ಪಾಲಾಕು... ಖ್ಹೆ, ಖ್ಹೆ... ಕೊತ್ತಂಬರೀ!"

ಮೊನ್ನೆ ಸ್ಟೇಷನ್ ರಸ್ತೆಯಲ್ಲಿ ಟೀ ಕುಡಿಯುತ್ತ ನಿಂತಿದ್ದೆ. ಬೆನ್ನ ಹಿಂದೆ ಆ ಕೆಮ್ಮು ಕೇಳಿಸಿತು. ಲೋಟ ಹಿಡಿದವನು ಹಾಗೇ ತಿರುಗಿದೆ, ಪಾಪಣ್ಣ ಬಂದನೇನೋ ಅಂತ. ನನ್ನ ಕೆಮ್ಮಿಗೆ ನಾನೇ ಮೋಸ ಹೋದೆ ನೋಡಿ. ಅಂದಮೇಲೆ ಪಾಪ, ಸರೋಜಕ್ಕನ ತಪ್ಪೇನು?

ಸರೋಜಕ್ಕ ಪಾಪಣ್ಣನ ಹೆಂಡತಿ. ಅವಳ ಹತ್ತಿರ ಬರುತ್ತೇನೆ, ಸ್ವಲ್ಪ ತಾಳಿ. ಮೊದಲು ನನ್ನ ಚಾಳಿಯ ಮೂಲ ಹೇಳಬೇಕು.

ನಮ್ಮದು ಬಂಗಾರಪೇಟೆಯಿಂದ ಮೂರು ಮೈಲಿ ಆಚೆಯ ಹಳ್ಳಿ. ಮನೆಯಲ್ಲಿ ನಾಲ್ಕು ಸೀಮೆಹಸು. ನನಗೆ ಏಳೆಂಟು ವರ್ಷ ಇದ್ದಾಗ ಅಮ್ಮ ಅಡುಗೆಮನೆಯಿಂದ "ಏನಂದ್ರೇ, ಅಸೀಗೆ ನೀರಿಕ್ಕಿದ್ರಾ?" ಎಂದು ಅಪ್ಪನನ್ನು ಕೇಳುತ್ತಿದ್ದಳು. ಅಪ್ಪ ಅರಳಿಕಟ್ಟೆ ಹತ್ತಿರ ಇರುತ್ತಿದ್ದ. ನಾನು ಹಿತ್ತಲಿನಿಂದ ಅಪ್ಪನ ದನಿಯಲ್ಲಿ "ಇಕ್ಕಿದ್ದೀನಿ ಕಣೇ" ಅನ್ನುತ್ತಿದ್ದೆ. ಅರ್ಧ ಗಂಟೆಯಾದ ಮೇಲೆ ಹಸು ಬಾಯಾರಿ ಅರಚುತ್ತಿತ್ತು. ಆಗ ಆಡದ ಮಾತಿಗೆ ಅಪ್ಪ ಬೈಸಿಕೊಳ್ಳುತ್ತಿದ್ದ. ನಾನು ಹುಲ್ಲುಮೆದೆಯ ಹಿಂದೆ ಬಿದ್ದು ಬಿದ್ದು ನಗುತ್ತಿದ್ದೆ. ಹಸು ಬಾಯಾರಿತ್ತು ಅನ್ನುವುದು ಆ ನಗುವಿನಲ್ಲಿ ಒಂದು ದಿನವೂ ನನ್ನ ತಲೆಗೆ ಹೋಗಲಿಲ್ಲ. ಈಗ ಯೋಚಿಸಿದರೆ ಬೆಟ್ಟದ ಮೇಲೆ ನಾನು ಮಾಡಿದ್ದು ಇದೇ ಆಟ. ಬೆಟ್ಟ ಒಂದು ಜಾಸ್ತಿ, ಅಷ್ಟೇ.

ಶಾಲೆಯಲ್ಲಿ ಮೇಷ್ಟರುಗಳು, ಬಸ್ಸಿನಲ್ಲಿ ಕಂಡಕ್ಟರು, ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವ ಸೆಕ್ರೆಟರಿ, ಒಬ್ಬರನ್ನೂ ಬಿಟ್ಟವನಲ್ಲ. ನಾನು ಹುಟ್ಟುವ ಮುಂಚೆ ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ಕೂಗುತ್ತಿದ್ದ ಸೈರನ್ನನ್ನೂ ಬಿಟ್ಟಿಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಗಣಿ ನಿಂತು ಅದರ ದೊಡ್ಡ ಚಕ್ರಕ್ಕೆ ತುಕ್ಕು ಹಿಡಿದಿತ್ತು. ಆದರೆ ನನ್ನ ಕಾಲೇಜು ಗೆಳೆಯ ಅಂತೋಣಿಯ ತಾತ ಅಂಗೈ ಬಾಯಿಗಿಟ್ಟುಕೊಂಡು ಆ ಸೈರನ್ ಮಾಡಿ ತೋರಿಸುತ್ತಿದ್ದರು. ನಾನು ಮಾಡುವುದು ಅವರು ಮಾಡಿದ್ದನ್ನು, ಅಂದರೆ ನಕಲಿನ ನಕಲು. ಒಂದು ಸಂಜೆ ನಂದಿದುರ್ಗದ ಲೈನಿನಲ್ಲಿ, ಅಂದರೆ ಗಣಿ ಕೆಲಸದವರ ಸಾಲುಮನೆಗಳಲ್ಲಿ, ಅಂತೋಣಿ ಮನೆ ಮುಂದೆ, ಹುಡುಗರನ್ನು ನಗಿಸಲು ಅದನ್ನು ಊದಿದೆ. ಎದುರು ಮನೆಯ ಜಗುಲಿಯಲ್ಲಿ ಮಲಗಿದ್ದ ಒಬ್ಬ ಮುದುಕ ಧಡಕ್ಕನೆ ಎದ್ದು ಕೂತು, ಮಂಚದ ಕೆಳಗೆ ಕಾಲಿನಿಂದ ತಡಕಾಡಿದ. ಬೂಟು ಹುಡುಕುತ್ತಿದ್ದನಂತೆ. ಎಲ್ಲರೂ ನಕ್ಕರು. ಮುದುಕನೂ ನಕ್ಕ, ಆದರೆ ಒಂದು ಗಳಿಗೆ ತಡವಾಗಿ.

ಅಂತೋಣಿ ಬಗ್ಗೆ ಎರಡು ಮಾತು. ಅವನು ದಿನಾ ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ನಿಂತೇ ಹೋಗುತ್ತಾನೆ, ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತೇ ಕೆಲಸ ಮಾಡುತ್ತಾನೆ, ನಿಂತೇ ವಾಪಸ್ಸು ಬರುತ್ತಾನೆ. "ಎಲ್ಲಾದ್ರೂ ಎರಡು ದಿನ ಕೂತ್ಕೋಬೇಕು ಮಚ್ಚಾ" ಅನ್ನುವುದು ಅವನ ಬಹಳ ದಿನದ ಆಸೆ. ಕಾಮಸಮುದ್ರದ ಕಡೆ ಎಮ್ಮೆಗುಂಡು ಅಂತ ಒಂದು ಬೆಟ್ಟ, ಅದರ ಭುಜದ ಮೇಲೆ ಕಾಡು ಕಾಯುವವರ ಒಂದು ಶೆಡ್ಡು, ಹೇಳಿ ಪರ್ಮಿಷನ್ ತಗೊಂಡರೆ ನಡೆದು ಹೋಗಿ ಉಳಿಯಬಹುದು ಎಂದು ಯಾರೋ ಹೇಳಿದರು. ಕೂತುಕೊಳ್ಳುವುದಕ್ಕೆ ಎರಡು ಗಂಟೆ ಬೆಟ್ಟ ಹತ್ತುವ ಐಡಿಯಾ ಅಂತೋಣಿಗೆ ಮಾತ್ರ ಬರಲು ಸಾಧ್ಯ. ಬ್ಯಾಗಿನಲ್ಲಿ ಪ್ರೆಷರ್ ಕುಕ್ಕರನ್ನೂ ತುರುಕಿಕೊಂಡು ಬಂದಿದ್ದ.

ದೀಪಾವಳಿ ಕಳೆದ ಮೇಲಿನ ವಾರ. ಬೆಟ್ಟದ ಬುಡದ ಹಳ್ಳಿಯಲ್ಲಿ ನಮ್ಮನ್ನು ಕರೆದುಕೊಂಡು ಹೋಗಲು ಪಾಪಣ್ಣ ಕಾದಿದ್ದ. ವಾಚರ್ ಪಾಪಣ್ಣ. ಐವತ್ತರ ಆಸುಪಾಸು, ಒಣಗಿದ ಹುಣಸೆ ಬರಲಿನ ಹಾಗೆ ಮೈ, ಕೈಯಲ್ಲಿ ಮಚ್ಚು. ನನ್ನ ಹೊಸ ಶೂ ನೋಡಿದ, ಅಂತೋಣಿಯ ಕುಕ್ಕರ್ ನೋಡಿದ. ಸ್ವಲ್ಪ ದೂರ ನಡೆದ ಮೇಲೆ ತಿರುಗಿ ಕೇಳಿದ:

"ಯಾರ್ದಾದ್ರೂ ಮದ್ವೆ ಐತೇನ್ರಪ್ಪಾ ಮೇಲೆ?"

ಅಲ್ಲಿಂದ ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು. ನನಗೆ ಪ್ರೀತಿ ಹುಟ್ಟಿದರೆ ಮುಗಿಯಿತು, ಅವರ ದನಿ ನನ್ನ ಗಂಟಲಿಗೆ ಇಳಿಯಲು ಶುರುವಾಗುತ್ತದೆ.

ಶೆಡ್ಡು ಹೇಗಿತ್ತು ಅಂತ ಹೇಳಲೇಬೇಕು. ನಾಲ್ಕು ಕಲ್ಲುಗೋಡೆ, ಮೇಲೆ ತಗಡು. ಒಳಗೆ ಎರಡು ಕಲ್ಲುಚಪ್ಪಡಿ, ಅವೇ ಮಂಚ. ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಇಲಿಗೆ ಸಿಗದ ಹಾಗೆ ಅಕ್ಕಿ, ಬೇಳೆ, ರಾಗಿಹಿಟ್ಟು ಸೂರಿನಿಂದ ತಂತಿಯಲ್ಲಿ ನೇತಾಡುತ್ತಿದ್ದವು. ಗೋಡೆ ತುಂಬ ಇದ್ದಿಲಿನಲ್ಲಿ ಯಾರ್ಯಾರದೋ ಹೆಸರು, ಹೃದಯ, ಬಾಣ. ಬೆಟ್ಟ ಹತ್ತಿದ ಸುಸ್ತಿನಲ್ಲೂ ಬಾಣ ಬಿಡುವಷ್ಟು ಶಕ್ತಿ ಉಳಿಸಿಕೊಂಡಿದ್ದ ಪ್ರೇಮಿಗಳು. ಬಿಸಿಲು ಇಳಿಯುತ್ತಿದ್ದಂತೆ ತಗಡು ಟಿಣ್, ಟಿಣ್ ಎಂದು ತಣ್ಣಗಾಗುತ್ತಿತ್ತು. ಆ ಸದ್ದನ್ನೂ ಅಭ್ಯಾಸ ಮಾಡಲು ನೋಡಿದೆ. ನಾಲಿಗೆ ಕಚ್ಚಿಕೊಂಡೆ.

ಶೆಡ್ಡಿಗೆ ಒಂದೇ ಕಾನೂನು ಎಂದ ಪಾಪಣ್ಣ. "ಓಗೋವಾಗ ಮುಂದೆ ಬರೋರ್ಗೆ ಒಂದು ಕೊಡ ನೀರು, ಒಂದು ಒರೆ ಸೌದೆ ಇಟ್ಟೇ ಓಗ್ಬೇಕು. ಅವ್ರು ಯಾರೋ ಏನೋ, ನಮ್ಗೆ ಬೇಡ. ನೀವು ಬಂದಾಗ ಇತ್ತಲ್ವಾ? ಅಂಗೇ." ನಿಜ, ನಾವು ಬಂದಾಗ ಕೊಡ ತುಂಬಿತ್ತು, ಸೌದೆ ಒಟ್ಟಿತ್ತು. ನಮ್ಮ ಮುಖವನ್ನೇ ನೋಡದ ಯಾರೋ ನಮಗೆಂದು ಇಟ್ಟು ಹೋಗಿದ್ದರು. ಆ ನೀರನ್ನು ಒಂದು ಹನಿಯೂ ಚೆಲ್ಲದೆ ಕುಡಿದೆ.

ಮೊದಲನೆಯ ಸಂಜೆ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಪಾಪಣ್ಣ ಶೆಡ್ಡಿನ ಮುಂದಿನ ಬಂಡೆಯ ತುದಿಗೆ ಹೋಗಿ ನಿಂತ. ದಾರಿ ಸುತ್ತು ಹಾಕಿ ಬರುವುದರಿಂದ ದೂರ ಅನ್ನಿಸಿದರೂ, ಆ ಬಂಡೆಯಿಂದ ನೋಡಿದರೆ ಹಳ್ಳಿ ನಮ್ಮ ಕಾಲ ಕೆಳಗೇ ಇತ್ತು. ಪಾಪಣ್ಣ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. "ಊ... ಊ... ಓಯ್!" ಸ್ವಲ್ಪ ಬಿಟ್ಟು ಇನ್ನೊಂದು ಸಲ. ಕೊನೆಗೆ "ಖ್ಹೆ, ಖ್ಹೆ" ಎಂದು ಎರಡು ಕೆಮ್ಮು. ಕೆಳಗಿನಿಂದ, ಸಣ್ಣಗೆ, ಟಣ್, ಟಣ್, ಟಣ್. ಖಾಲಿ ಹಾಲಿನ ಕ್ಯಾನಿನ ಮೇಲೆ ಯಾರೋ ಬಡಿದ ಸದ್ದು.

"ಯಾರಣ್ಣ ಅದು?"

"ನಮ್ಮನೆಯೋಳು. ಇಲ್ಲಿ ಟವರ್ ಸಿಗಲ್ವಲ್ಲ. ದಿನಾ ಸಂಜೆ ನಾನು ಶೆಡ್ ಮುಟ್ದೆ ಅಂತ ಕೂಗ್ಬೇಕು, ಕೇಳ್ತು ಅಂತ ಅವ್ಳು ಬಡೀಬೇಕು. ಕೂಗು ಬರೋಗಂಟ ಒಲೆ ಮೇಲೆ ಮುದ್ದೆಗೆ ಎಸರಿಕ್ಕಲ್ಲ ಆಯಮ್ಮ."

"ಬರ್ಲಿಲ್ಲ ಅಂದ್ರೆ?"

"ಬರ್ಲಿಲ್ಲ ಅಂದ್ರೆ ಊರೋರ್ನ ಎಬ್ಬಿಸ್ಕೊಂಡು ಬೆಟ್ಟ ಅತ್ತಾಳೆ. ಈಗ ಆನೆ ಓಡಾಡೋ ಕಾಲ ಕಣಪ್ಪ. ರಾಗಿ ತೆನೆ ವಾಸನೆಗೆ ಬತ್ತವೆ."

ನೋಡಿ, ನನಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಒಂದು ಸಣ್ಣ ಸಂದಿಯನ್ನೂ ಪಾಪಣ್ಣ ನನಗೆ ಬಿಟ್ಟಿರಲಿಲ್ಲ.

ಅವತ್ತು ಊಟವಾದ ಮೇಲೆ ನಾನು ಆ ಕೂಗನ್ನು ಬಾಯೊಳಗೇ ಅಭ್ಯಾಸ ಮಾಡಿದೆ. "ಊ" ಸುಲಭ. "ಓಯ್" ಹೊಟ್ಟೆಯಿಂದ ಬರಬೇಕು. ನಿಜವಾದ ಮರ್ಮ ಇದ್ದದ್ದು ಕೆಮ್ಮಿನಲ್ಲಿ. ಬೀಡಿ ಸೇದುವವರ ಕೆಮ್ಮಲ್ಲ ಅದು, ನೆಗಡಿಯದೂ ಅಲ್ಲ. ಬಾಗಿಲು ತಟ್ಟಿದ ಹಾಗೆ ಒಣಗಿದ ಎರಡು ಸದ್ದು. ಪಾಪಣ್ಣನಿಗೆ ಏನೋ ಹಳೆಯ ಕಾಯಿಲೆ ಅಂದುಕೊಂಡೆ. ನಕಲು ಮಾಡುವವರಿಗೆ ಇನ್ನೊಬ್ಬರ ಕಾಯಿಲೆ ಎಂದರೆ ಹಬ್ಬ.

ಮಾರನೆಯ ದಿನ ಅಂತೋಣಿ ತನ್ನ ಆಸೆಯಂತೆ ಕೂತೇ ಇದ್ದ. ಬಂಡೆಯ ಮೇಲೆ ಕೂತ, ನೆರಳಲ್ಲಿ ಕೂತ, ಒಲೆ ಮುಂದೆ ಕೂತ. ನಾಲ್ಕು ಗಂಟೆಯ ಹೊತ್ತಿಗೆ ಪಾಪಣ್ಣ ಹೆಗಲಿಗೆ ಟವಲ್ಲು ಹಾಕಿಕೊಂಡು ಹೊರಟ. ಬೆಟ್ಟದ ಹಿಂಬದಿಯಲ್ಲಿ ಕಾಡುಪ್ರಾಣಿಗಳಿಗೆಂದು ಕಟ್ಟಿಸಿದ ನೀರಿನ ತೊಟ್ಟಿ ಇದೆ, ಅದಕ್ಕೆ ಬರುವ ಪೈಪಿನಲ್ಲಿ ಎಲೆ ಕಟ್ಟಿಕೊಂಡಿದೆಯೇನೋ ನೋಡಬೇಕು ಎಂದ. "ಕತ್ಲಾಗೋ ಮುಂಚೆ ಬಂದ್ಬಿಡ್ತೀನಿ. ಕತ್ಲಾದ್ರೆ ಅಲ್ಲಿಗೆ ಬರೋರು ಬೇರೆ." ಆನೆಗಳು.

ಐದೂವರೆ ಆಯಿತು. ಬೆಟ್ಟದ ನೆರಳು ಹಳ್ಳಿಯ ಮೇಲೆ ಬಿತ್ತು. ನಾನು ಬಂಡೆಯ ಮೇಲೆ ನಿಂತಿದ್ದೆ. ಕೆಳಗೆ ಒಂದು ಕೊಟ್ಟಿಗೆಯ ಮುಂದೆ, ಕಡ್ಡಿಯಷ್ಟು ಸಣ್ಣಗೆ, ಒಂದು ಹಳದಿ ಸೀರೆ ಕಾಣುತ್ತಿತ್ತು. ಬೆಟ್ಟದ ಕಡೆ ಮುಖ ಮಾಡಿ ನಿಂತ ಹಾಗಿತ್ತು. ಇನ್ನು ಹತ್ತು ನಿಮಿಷದಲ್ಲಿ ಪಾಪಣ್ಣ ಬಂದೇ ಬರುತ್ತಾನಲ್ಲ, ಹತ್ತು ನಿಮಿಷ ಮೊದಲು ಹೇಳಿದರೆ ಏನಾದೀತು? ಹೆಂಡತಿಯೇ ನಂಬಿದರೆ ಅದಕ್ಕಿಂತ ಪರೀಕ್ಷೆ ಇನ್ನೊಂದಿಲ್ಲ.

ಕೈ ಬಾಯಿಗೆ ಹಿಡಿದೆ. "ಊ... ಊ... ಓಯ್!" ಎರಡು ಸಲ. ಆಮೇಲೆ, ನನ್ನ ಕಲೆಯ ಶಿಖರ, "ಖ್ಹೆ, ಖ್ಹೆ."

ಟಣ್, ಟಣ್, ಟಣ್.

ಹಳದಿ ಸೀರೆ ಒಳಗೆ ಹೋಯಿತು. ನಾನು ಕುಣಿದೆ. ಅಂತೋಣಿ ಮೊದಲ ಸಲ ಕೂತಲ್ಲಿಂದ ಎದ್ದ.

"ಡೇಯ್, ಎನ್ನಡಾ ಪಣ್ಣೆ ನೀ?" ಅಂತೋಣಿಗೆ ಸಿಟ್ಟು ಬಂದರೆ ಕನ್ನಡ ಸಾಲುವುದಿಲ್ಲ. "ಏನ್ ಮಾಡಿದೆ ಮಂಜಾ ನೀನು? ಅವರಿನ್ನೂ ಬಂದೇ ಇಲ್ಲ!"

"ಬರ್ತಾರೆ ಬಿಡೋ. ಅಕ್ಕ ಹತ್ತು ನಿಮಿಷ ಮುಂಚೆ ಊಟ ಮಾಡ್ತಾಳೆ, ಪುಣ್ಯ ಬರುತ್ತೆ."

ಹತ್ತು ನಿಮಿಷ ಹೋಯಿತು. ಇಪ್ಪತ್ತು. ತಗಡು ಟಿಣ್ ಟಿಣ್ ಅನ್ನುವುದನ್ನೂ ನಿಲ್ಲಿಸಿತು. ಅಂತೋಣಿ ನನ್ನ ಮುಖ ನೋಡಿದ, ನಾನು ತೊಟ್ಟಿಯ ಕಡೆಯ ದಾರಿ ನೋಡಿದೆ. ಆಗ ತಲೆಗೆ ಹೋಯಿತು. ಈ ಹೊತ್ತಿಗೆ ಕೂಗು ಬರದಿದ್ದರೆ ಕೆಳಗೆ ಒಬ್ಬಳು ಊರೆಬ್ಬಿಸುತ್ತಿದ್ದಳು. ಈಗ ಅವಳು ನೆಮ್ಮದಿಯಾಗಿ ಎಸರಿಟ್ಟಿದ್ದಾಳೆ. ಪಾಪಣ್ಣನನ್ನು ಹುಡುಕಲು ಯಾರೂ ಬರುವುದಿಲ್ಲ, ಯಾಕೆಂದರೆ ಪಾಪಣ್ಣ ಬಂದು ಮುಟ್ಟಿದ್ದಾನೆ. ನಾನೇ ಮುಟ್ಟಿಸಿದ್ದೇನೆ.

ಓಡಿದೆವು. ತೊಟ್ಟಿಗೆ ಇನ್ನೂ ನೂರು ಮಾರು ಇರುವಾಗ, ದಾರಿಯ ಪಕ್ಕದ ಕೊರಕಲಿನಿಂದ ಒಂದು ದನಿ ಬಂತು. ನೋವಿತ್ತು, ಆದರೆ ಕುತೂಹಲ ಅದಕ್ಕಿಂತ ಜಾಸ್ತಿ ಇತ್ತು.

"ಯಾರಲಾ ಅದು ಅಲ್ಲಿ ಕೂಗಿದ್ದು?"

ಪಾಪಣ್ಣ ಕೊರಕಲಿನ ತಳದಲ್ಲಿ ಬಂಡೆಗೆ ಒರಗಿ ಕೂತಿದ್ದ. ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಜಾರಿದ್ದನಂತೆ. ಬಲಗಾಲಿನ ಹರಡು ಬೇರೆ ಯಾರದೋ ಕಾಲಿನದರ ಹಾಗೆ ತಿರುಗಿತ್ತು. ಒಂದು ಗಂಟೆಯಿಂದ ಕೂಗಿದ್ದ, ಗಾಳಿ ನಮ್ಮ ಕಡೆಯಿಂದ ಅವನ ಕಡೆಗೆ ಬೀಸುತ್ತಿದ್ದರಿಂದ ನಮಗೆ ಕೇಳಿಸಿರಲಿಲ್ಲ. ನನ್ನದು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು.

"ನಾನು ನೋಡಿದ್ರೆ ಇಲ್ಲಿ ಬಿದ್ದಿದ್ದೀನಿ. ಅಲ್ಲಿ ನಾನೇ ಕೂಗ್ತಾ ಇದ್ದೀನಿ. ಕೆಮ್ತಾ ಬೇರೆ ಇದ್ದೀನಿ! ಒಂದ್ ಗಳಿಗೆ ಸತ್ತೇ ಓದೆ ಅನ್ಕಂಡೆ ಕಣ್ಲಾ. ಜೀವ ಮುಂದಾಗಿ ಶೆಡ್ಡಿಗೆ ಓಗ್ಬಿಡ್ತು, ಮೈ ಇಲ್ಲೇ ಉಳ್ಕಂತು ಅಂತ."

"ನಾನೇ ಅಣ್ಣ ಕೂಗಿದ್ದು. ತಪ್ಪಾಯ್ತು."

ಪಾಪಣ್ಣ ನನ್ನನ್ನೇ ನೋಡಿದ. "ಚೆನ್ನಾಗ್ ಕೂಗ್ದೆ" ಅಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅಂತೋಣಿ ಆಗಲೇ ಎರಡು ಕೋಲು ಕಡಿದು ಟವಲ್ಲಿನಲ್ಲಿ ಕಾಲಿಗೆ ಕಟ್ಟುತ್ತಿದ್ದ. ಗಣಿಯವರ ಮೊಮ್ಮಗ, ಗಾಯ ನೋಡಿ ಹೆದರುವವನಲ್ಲ. ಇಬ್ಬರೂ ಸೇರಿ ಪಾಪಣ್ಣನನ್ನು ಕೊರಕಲಿನಿಂದ ಎತ್ತಿ ಒಂದು ಎತ್ತರದ ಬಂಡೆಯ ಮೇಲೆ ಕೂರಿಸಿದೆವು. ಆದರೆ ಶೆಡ್ಡಿನ ತನಕ ಆ ಏರಿನಲ್ಲಿ ಹೊತ್ತುಕೊಂಡು ಹೋಗುವುದು ಇಬ್ಬರಿಂದ ಆಗದ ಕೆಲಸ. ಕೆಳಗೆ ತೊಟ್ಟಿಯ ನೀರು ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಮೂವರೂ ಅದನ್ನೇ ನೋಡುತ್ತಿದ್ದೆವು, ಯಾರೂ ಆನೆ ಎನ್ನಲಿಲ್ಲ.

"ಓಡೋಗಿ ಬಂಡೆ ಮೇಲೆ ನಿಂತ್ಕೊಂಡು ಮೂರು ಕೂಗಾಕು" ಅಂದ ಪಾಪಣ್ಣ. "ನಡುವೆ ಅತ್ತು ಎಣ್ಸು. ಮೂರಂದ್ರೆ ಜನ ಬೇಕು ಅಂತ. ಕೆಮ್ಬೇಡ."

ನಾನು ಹೊರಟವನನ್ನು ಮತ್ತೆ ಕರೆದ. "ಲೇ. ನನ್ ದನೀಲಿ ಕೂಗ್ಬೇಡ. ಮೊದ್ಲು ಚೆನ್ನಾಗವ್ನೆ ಅಂತ ಬಂದು, ಆಮೇಲೆ ಇಂಗೆ ಬಂದ್ರೆ ಆಯಮ್ಮಂಗೆ ಏನೋ ಅನ್ಸಿಬಿಡ್ತದೆ. ನಿನ್ ದನೀಲಿ ಕೂಗು. ನನ್ ಜೊತೆ ಯಾರೋ ಅವ್ರೆ ಅಂತ ಗೊತ್ತಾಗ್ಲಿ."

ಬಂಡೆಯ ಮೇಲೆ ನಿಂತು ಕೈ ಬಾಯಿಗೆ ಹಿಡಿದೆ. ಬಂದದ್ದು ಪಾಪಣ್ಣನ "ಊ". ಬಾಯಿ ಮುಚ್ಚಿಕೊಂಡೆ. ಮತ್ತೆ ತೆರೆದರೆ ಅಪ್ಪನ ದನಿ ಗಂಟಲ ತುದಿಗೆ ಬಂದು ನಿಂತಿತು. ಅದನ್ನು ನುಂಗಿದರೆ ಸ್ಟೇಷನ್ನಿನ ಹೆಂಗಸು. ಎಂಥ ಹೊತ್ತಿನಲ್ಲಿ ಎಂಥ ಸಂತೆ! ಊರಿನವರೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು, ಮನೆಯ ಯಜಮಾನ ಎಲ್ಲಿ ಎಂದು ನನಗೇ ಗೊತ್ತಿರಲಿಲ್ಲ. ಕೊನೆಗೆ ಭಯಕ್ಕೆ, ಓಡಿ ಬಂದ ಏದುಸಿರಿಗೆ, ಯಾವುದೋ ಒಂದು ದನಿ ತಾನಾಗಿ ಹೊರಗೆ ಬಿತ್ತು. ಕರುವಿನ ಬಾಲ ತುಳಿದ ಹಾಗಿತ್ತು. ಹತ್ತು ಎಣಿಸಿದೆ, ಇನ್ನೊಂದು ಸಲ ಬಾಲ ತುಳಿದೆ. ಹತ್ತು ಎಣಿಸಿದೆ, ಮೂರನೆಯ ಸಲ.

ಕೆಳಗೆ ಏನೂ ಇಲ್ಲ. ಒಂದು ಮನೆಯ ಹೊಗೆ ಮಾತ್ರ ನೇರ ಏಳುತ್ತಿತ್ತು. ಸರೋಜಕ್ಕನ ಎಸರಿನ ಹೊಗೆಯೇ ಇರಬೇಕು.

ಮತ್ತೆ ಮೂರು ಕೂಗಿದೆ. ಗಂಟಲು ಹರಿದು ಹೋಯಿತು ಅನ್ನುವಷ್ಟರಲ್ಲಿ ಕೆಳಗಿನಿಂದ ಬಂತು, ಟಣಟಣಟಣಟಣ ಎಂದು, ನಿಲ್ಲದೆ, ಉಸಿರು ಬಿಡದೆ. ಸ್ವಲ್ಪ ಹೊತ್ತಿಗೆ ಬೆಟ್ಟದ ಬುಡದಲ್ಲಿ ಒಂದು ಟಾರ್ಚು, ಆಮೇಲೆ ಐದಾರು. ನಾನು ಆ ಬಂಡೆಯ ಮೇಲೆ ಕುಸಿದು ಕೂತು ಅತ್ತೆ. ಅಳು ಯಾರ ತರಹವೂ ಇರಲಿಲ್ಲ.

ಎಂಟು ಜನ ಬಂದರು, ಕಂಬಳಿ ಮತ್ತು ಬಿದಿರಿನ ಗಳ ತಂದಿದ್ದರು. ಪಾಪಣ್ಣನನ್ನು ಜೋಲಿಯಲ್ಲಿ ಹಾಕಿ ಶೆಡ್ಡಿನ ಹತ್ತಿರ ತಂದಾಗ ಸರೋಜಕ್ಕ ಅಲ್ಲಿ ನಿಂತಿದ್ದಳು. ಪಾಪಣ್ಣ ಜೋಲಿಯೊಳಗಿಂದಲೇ ಮೊದಲು ಹೇಳಿದ್ದು, "ಲೇ, ಮೊದ್ಲು ಕೂಗಿದ್ದು ನಾನಲ್ಲ ಕಣೇ. ಈ ಉಡ್ಗ." ಆಕೆ ನನ್ನ ಕಡೆ ತಿರುಗಿದಳು. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ.

"ಕೆಮ್ಮೂ ನೀನೇನಾ?" ಕೇಳಿದಳು.

"ಹೂಂ ಅಕ್ಕ."

ಅಷ್ಟೇ. ಜೋಲಿಯ ಜೊತೆ ನಡೆದು ಹೋದಳು. ಎಂಥೆಂಥವರನ್ನೋ ನಕಲು ಮಾಡಿದ್ದೇನೆ, ಅವಳ ಆ ಮೌನವನ್ನು ಮಾತ್ರ ಇವತ್ತಿನವರೆಗೂ ಮಾಡಲು ಆಗಿಲ್ಲ. ನಾವೂ ಹಿಂದೆಯೇ ಇಳಿದೆವು. ಅರ್ಧ ದಾರಿಯಲ್ಲಿ ಅಂತೋಣಿ ಮೆಲ್ಲಗೆ ಹೇಳಿದ, "ಮಚ್ಚಾ, ನೀರೂ ಇಡ್ಲಿಲ್ಲ, ಸೌದೇನೂ ಇಡ್ಲಿಲ್ಲ." ಕುಕ್ಕರ್ ಕೂಡ ಅಲ್ಲೇ ಉಳಿದಿತ್ತು, ಆದರೆ ಅವನು ಅದರ ಮಾತೆತ್ತಲಿಲ್ಲ.

ಪಾಪಣ್ಣನ ಕಾಲಿಗೆ ಬ್ಯಾಂಡೇಜು ಬಿತ್ತು. ಮೂಳೆ ಕೂಡುತ್ತದೆ, ಮೊದಲಿನ ಹಾಗೆ ಬೆಟ್ಟ ಹತ್ತಬಹುದು, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು ಎಂದರು ಡಾಕ್ಟರು. ನಾನು ಆ ತಿಂಗಳುಗಳಲ್ಲಿ ಯಾರ ದನಿಯನ್ನೂ ಮಾಡುವುದಿಲ್ಲ ಎಂದು ನಿರ್ಧರಿಸಿದೆ. ಒಂದು ಈರುಳ್ಳಿ ಆಟೋಗೆ ನನ್ನ ಸ್ವಂತ ದನಿಯಲ್ಲಿ ರೆಕಾರ್ಡ್ ಮಾಡಿಕೊಟ್ಟರೆ ಅವನು ಎರಡೇ ದಿನಕ್ಕೆ ವಾಪಸ್ಸು ತಂದ. "ಅಣ್ಣಾ, ಯಾರೋ ತೀರ್ಕೊಂಡಿದ್ದಾರೆ ಅನ್ನೋ ತರ ಈರುಳ್ಳಿ ಕೂಗಿದ್ದೀಯ." ಮನೆಯಲ್ಲಿ ನಾನು ಸುಮ್ಮನಿರುವುದನ್ನು ನೋಡಿ ಅಮ್ಮನಿಗೆ ಭಯವಾಗಿ ತಾಯತ ಕಟ್ಟಿಸಿದಳು.

ಭಾನುವಾರಗಳಲ್ಲಿ ಪಾಪಣ್ಣನ ಮನೆಗೆ ಹೋಗುತ್ತಿದ್ದೆ. ಅವನು ಮಂಚದ ಮೇಲಿಂದ "ಬಾರಪ್ಪಾ ಪಾಪಣ್ಣ" ಎಂದು ನನ್ನನ್ನೇ ಕರೆಯುತ್ತಿದ್ದ. ಊರಿನವರು ಬಂದರೆ, "ನಾನು ಈಗ ಇಬ್ರು. ಒಬ್ಬಂಗೆ ಕಾಲಿಲ್ಲ, ಇನ್ನೊಬ್ಬಂಗೆ ತ್ಯಲೆ ಇಲ್ಲ" ಅನ್ನುತ್ತಿದ್ದ. ಸರೋಜಕ್ಕ ಕಾಫಿ ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ.

ಒಂದು ಭಾನುವಾರ ಮಾತ್ರ, ಹುರುಳಿಕಾಳು ಆರಿಸುತ್ತ, ತಾನಾಗಿ ಶುರು ಮಾಡಿದಳು. ಅವಳು ಹುಟ್ಟಿ ಬೆಳೆದದ್ದು ಊರಿಗಾಂ ಲೈನಿನಲ್ಲಂತೆ. ಅಪ್ಪ ಗಣಿಯಲ್ಲಿ ಕೆಲಸ.

"ನೆಲ ಒಳ್ಗೇ ಒಂದ್ ಸಲ ಗುಡುಗ್ತದೆ ನೋಡು, ಮನೇಲಿರೋ ಪಾತ್ರೆ ಎಲ್ಲಾ ಅಲ್ಲಾಡ್ತವೆ. ಒಳ್ಗೆ ಬಂಡೆ ಸಿಡೀತು ಅಂತ ಅರ್ಥ. ಆಗ ಲೈನಲ್ಲಿರೋ ಎಂಗಸ್ರೆಲ್ಲಾ ಬಾಗ್ಲಿಗೆ ಬಂದು ನಿಂತ್ಕೋತಿದ್ರು. ನಮ್ಮಪ್ಪ ಬೀದಿ ತಿರುವಿನಾಗೇ ಎರಡ್ ಸಲ ಕೆಮ್ಮೋರು. ಮನೆ ಮುಟ್ಟೋ ತನ್ಕ ಕೂಡ ನಮ್ಮಮ್ಮ ಕಾಯ್ಬಾರ್ದು ಅಂತ. ಈಯಪ್ಪಂಗೆ ಮದ್ವೆ ಆದ್ಮೇಲೆ ನಾನೇ ಏಳ್ದೆ, ಬರೀ ಕೂಗಿದ್ರೆ ಸಾಲ್ದು, ಕೆಮ್ಮು ಅಂತ. ನಮ್ಮಪ್ಪ ನೆಲದೊಳ್ಕೆ ಇಳಿಯೋರು, ಈಯಪ್ಪ ಬೆಟ್ಟದ ಮೇಲ್ಕೆ ಅತ್ತಾರೆ. ನನ್ ಕಿವೀಗೆ ರಜಾನೇ ಇಲ್ಲ."

ನಾನು ಕಾಯಿಲೆ ಎಂದುಕೊಂಡು ಕದ್ದದ್ದು ಇದನ್ನು. ಅವಳ ಮೊರದಿಂದ ಒಂದು ಹಿಡಿ ಕಾಳು ತೆಗೆದುಕೊಂಡು ಕಲ್ಲು ಆರಿಸತೊಡಗಿದೆ. ಅವಳು ಮೊರವನ್ನು ಸ್ವಲ್ಪ ನನ್ನ ಕಡೆ ಸರಿಸಿದಳು.

"ಆವತ್ತು ನನ್ ಕೂಗು ಹೆಂಗೆ ಕೇಳಿಸ್ತಕ್ಕ?" ಧೈರ್ಯ ಮಾಡಿ ಕೇಳಿದೆ.

"ನವಿಲು ಅನ್ಕಂಡೆ. ಮೂರ್ ಸಲ ಒಂದೇ ಅಳತೇಲಿ ಬಂತು. ನವಿಲು ಎಣ್ಸಲ್ವಲ್ಲ ಅಂತ ಕ್ಯಾನ್ ಎತ್ಕಂಡೆ."

ಮಂಚದ ಮೇಲಿಂದ ಪಾಪಣ್ಣ ನಗುವುದು ಕೇಳಿಸಿತು. ಆ ನಗುವಿಗೆ ಕೆಮ್ಮು ಬಂತು. ಆಕೆ ಕಾಳು ಆರಿಸುವ ಕೈ ನಿಲ್ಲಿಸಿ, ಕೇಳಿಸಿಕೊಂಡು, ಮತ್ತೆ ಆರಿಸಿದಳು.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಪಾಪಣ್ಣ ಕೋಲೂರಿಕೊಂಡು ಕೊಟ್ಟಿಗೆಯ ತನಕ ನಡೆಯುವಂತಾದ. ಇನ್ನು ಎರಡು ತಿಂಗಳಿಗೆ ಬೆಟ್ಟ ಎನ್ನುತ್ತಿದ್ದ. ಅವತ್ತೇ ನಾನೂ ಅಂತೋಣಿಯೂ ಅಲ್ಲಿಗೆ ಹೋಗಿದ್ದೆವು, ಶೆಡ್ಡಿಗೆ ನೀರು, ಸೌದೆ ಇಟ್ಟು ಬರಲು. ನಮ್ಮ ನಂತರ ಯಾರೋ ಸುಸ್ತಾಗಿ ಹತ್ತಿ ಬಂದು ಖಾಲಿ ಕೊಡ ನೋಡಿರುತ್ತಾರೆ ಅನ್ನುವುದು ಅಂತೋಣಿಯನ್ನು ಅಷ್ಟು ದಿನವೂ ಕೊರೆಯುತ್ತಿತ್ತು. ಕುಕ್ಕರೂ ಕೊರೆಯುತ್ತಿತ್ತು ಅನ್ನಿ.

ಸರೋಜಕ್ಕ ನಲ್ಲಿಯ ಹತ್ತಿರ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಕ್ಯಾನಿನ ಒಂದು ಮಗ್ಗುಲು ಬಡಿದು ಬಡಿದು ತಗ್ಗಾಗಿತ್ತು.

"ಅಕ್ಕಾ, ಮೇಲಕ್ಕೆ ಹೋಗ್ತಾ ಇದ್ದೀವಿ. ನಾಳೆ ಬೆಳಗ್ಗೆ ಇಳೀತೀವಿ."

"ಸರಿ. ಮುಟ್ಟಿದ್ ತಕ್ಷಣ ಕೂಗು."

"ಅಂತೋಣಿ ಕೂಗ್ತಾನೆ ಬಿಡಕ್ಕ."

"ನಾನ್ ಏಳಿದ್ದು ನಿಂಗೆ."

ಅಂತೋಣಿ ನಗು ಬಚ್ಚಿಡಲು ಶೂ ದಾರ ಕಟ್ಟಲು ಬಗ್ಗಿದ. ಅವನ ಶೂಗೆ ದಾರವೇ ಇರಲಿಲ್ಲ.

"ನಾನು ಈಗ ಯಾರ ದನೀನೂ ಮಾಡಲ್ಲಕ್ಕ. ಬಿಟ್ಬಿಟ್ಟೆ."

"ಯಾರ ದನಿ ಮಾಡು ಅಂದೆ ನಾನು? ನಿನ್ ದನೀಲಿ ಕೂಗು."

"ಅದೇ ಅಕ್ಕಾ ಕಷ್ಟ. ಆವತ್ತು ಭಯಕ್ಕೆ ಹೆಂಗೋ ಬಂತು. ಮತ್ತೆ ಹಂಗೇ ಬರುತ್ತೆ ಅಂತ ಏನು ಗ್ಯಾರಂಟಿ? ನಂಗೇ ಗುರುತಿಲ್ಲದ ದನಿ ಅದು. ಕೂಗಿದ್ದು ನಾನೇ ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?"

ಸರೋಜಕ್ಕ ಕ್ಯಾನನ್ನು ಬಿಸಿಲಿಗೆ ಬೋರಲು ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಂದಳು:

"ಯಾರ ತರಾನೂ ಇಲ್ದೆ, ಕೇಳಕ್ಕೇ ಆಗ್ದಂಗೆ ಒಂದ್ ಕೂಗು ಬತ್ತದಲ್ಲ, ಅದು ನಮ್ ಮಂಜಂದೇ ಅನ್ಕಂಡು ಎಸರಿಕ್ತೀನಿ. ಓಗಲಾ, ಒತ್ತಾಯ್ತು."